ಫೋಟೋಶಾಪ್, ಜಿಂಪ್‌ಗೆ ಹೊಸ ಫಾಂಟ್ ಹಾಕ್ಕೊಳ್ಳೋದು ಹೇಗೆ, ಹಾಕಿದ್ಮೇಲೂ ಕನ್ನಡ ಒಡೆದು ಬಂದ್ರೆ ಏನ್ ಮಾಡ್ಬೇಕು

ಫಾಂಟ್ ಇನ್‌ಸ್ಟಾಲ್ ಮಾಡೋದು ಹೆಚ್ಚುಕಮ್ಮಿ ಒಂದು ಕ್ಲಿಕ್ಕಿನ ಕೆಲಸ, ಅದಕ್ಕೊಂದು ಲೇಖನ ಬೇಕಾ ಅಂತ ಕೇಳಿದ್ರೆ ಬೇಡ ಅಂತಾನೇ ಹೇಳ್ತೀನಿ. ತಲೆನೋವು ಶುರುವಾಗೋದು ಅದಾದ್ಮೇಲೆ. ಇನ್‌ಸ್ಟಾಲ್ ಆಯ್ತು ಅಂತ ಕಂಪ್ಯೂಟರ್ ಹೇಳುತ್ತೆ, ಫೋಟೋಶಾಪ್ ತೆಗೆದ್ರೆ ಪಟ್ಟಿಯಲ್ಲಿ ಹೆಸರೇ ಇರಲ್ಲ. ಇಲ್ಲಾ ಹೆಸರು ಇರುತ್ತೆ, ಟೈಪ್ ಮಾಡಿದ್ರೆ ಬರೀ ಚೌಕ ಚೌಕ ಬರುತ್ತೆ. ಇಲ್ಲಾ ಅಕ್ಷರ ಬರುತ್ತೆ ಆದ್ರೆ ಒತ್ತಕ್ಷರ ಎಲ್ಲಾ ಬಿಡಿ ಬಿಡಿಯಾಗಿ ಸಾಲಲ್ಲಿ ನಿಂತಿರುತ್ತೆ. ಈ ಮೂರೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ ಬೇರೆ, ಆದ್ರೆ ನಾವು ಎಲ್ಲದಕ್ಕೂ ಮಾಡೋದು ಒಂದೇ, ಫಾಂಟ್ ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡೋದು. ನಾನೂ ವರ್ಷಗಟ್ಟಲೆ ಅದನ್ನೇ ಮಾಡ್ಕೊಂಡು ಕೂತಿದ್ದೆ. ಹಾಗಾಗಿ ಇಲ್ಲಿ ಇನ್‌ಸ್ಟಾಲ್ ಮಾಡೋದನ್ನ ಬೇಗ ಮುಗಿಸಿ, ಆಮೇಲಿನ ರಗಳೆ ಬಗ್ಗೆ ಸ್ವಲ್ಪ ನಿಧಾನಕ್ಕೆ ಬರೀತೀನಿ.

ಮೊದ್ಲು ಫೈಲ್ ಯಾವುದು ನೋಡ್ಕೊಳ್ಳಿ

ಡೌನ್‌ಲೋಡ್ ಮಾಡಿದ್ಮೇಲೆ ಸಾಮಾನ್ಯವಾಗಿ ಒಂದು ಜಿಪ್ ಫೈಲ್ ಸಿಗುತ್ತೆ. ಅದನ್ನ ಡಬಲ್ ಕ್ಲಿಕ್ ಮಾಡಿ ಒಳಗೇ ನೋಡ್ಕೊಂಡು ಅಲ್ಲಿಂದಾನೇ ಇನ್‌ಸ್ಟಾಲ್ ಮಾಡಕ್ಕೆ ಹೋಗ್ಬೇಡಿ, ರೈಟ್ ಕ್ಲಿಕ್ ಮಾಡಿ ಎಕ್ಸ್‌ಟ್ರಾಕ್ಟ್ ಆಲ್ ಕೊಟ್ಟು ಒಂದು ಮಾಮೂಲಿ ಫೋಲ್ಡರ್‌ಗೆ ಬಿಚ್ಕೊಳ್ಳಿ. ಒಳಗಡೆ ಟಿಟಿಎಫ್ ಅಥವಾ ಓಟಿಎಫ್ ಅಂತ ಕೊನೆಯಾಗೋ ಫೈಲ್ ಇರ್ಬೇಕು. ಟಿಟಿಎಫ್ ಅಂದ್ರೆ ಟ್ರೂಟೈಪ್, ಓಟಿಎಫ್ ಅಂದ್ರೆ ಓಪನ್‌ಟೈಪ್, ಎರಡರಲ್ಲಿ ಯಾವುದಾದ್ರೂ ನಡೆಯುತ್ತೆ, ಎರಡೂ ಇದ್ರೆ ಒಂದನ್ನ ಮಾತ್ರ ಹಾಕಿ. ಒಂದೇ ಫಾಂಟಿನ ಎರಡೂ ರೂಪ ಹಾಕಿದ್ರೆ ಪಟ್ಟಿಯಲ್ಲಿ ಗೊಂದಲ ಆಗುತ್ತೆ, ಮ್ಯಾಕ್ ಅಂತೂ ಡೂಪ್ಲಿಕೇಟ್ ಇದೆ ಅಂತ ಹಳದಿ ತ್ರಿಕೋನ ತೋರ್ಸಿ ಗೊಣಗುತ್ತೆ.

ವೋಫ್ ಅಥವಾ ವೋಫ್2 ಅಂತ ಇದ್ರೆ ಅದು ವೆಬ್‌ಸೈಟಿಗೆ ಮಾಡಿರೋದು, ಕಂಪ್ಯೂಟರಿಗೆ ಹಾಕಕ್ಕೆ ಬರಲ್ಲ. ಹಳೇ ಸಿಡಿಗಳಲ್ಲಿ ಸಿಗೋ ಪಿಎಫ್‌ಬಿ, ಪಿಎಫ್‌ಎಂ ಅನ್ನೋ ಟೈಪ್ 1 ಫಾಂಟ್‌ಗಳ ಕಾಲ ಮುಗೀತು, ಫೋಟೋಶಾಪ್ ಮಾಡೋ ಅಡೋಬಿ ಕಂಪನಿ 2023ರ ಜನವರಿಗೆ ಅದರ ಸಪೋರ್ಟ್ ಪೂರ್ತಿ ನಿಲ್ಲಿಸಿದೆ, ಫೋಟೋಶಾಪ್ ಅದಕ್ಕೂ ಮುಂಚೇನೇ ಕೈ ಬಿಟ್ಟಿತ್ತು.

ಇನ್ನೊಂದು, ಇದನ್ನ ಗಟ್ಟಿಯಾಗಿ ಹೇಳ್ತೀನಿ. ಫಾಂಟ್ ಕೇಳಿದ್ರೆ ಇಎಕ್ಸ್‌ಇ ಫೈಲ್ ಕೊಡೋ ಸೈಟ್ ಇದ್ರೆ ಅಲ್ಲಿಂದ ಎದ್ದು ಬನ್ನಿ. ನುಡಿ, ಬರಹ ಥರ ಕನ್ನಡ ಟೈಪ್ ಮಾಡೋ ಪೂರ್ತಿ ಸಾಫ್ಟ್‌ವೇರ್ ಆಗಿದ್ರೆ ಮಾತು ಬೇರೆ, ಅದನ್ನ ಅವರದ್ದೇ ಸೈಟಿನಿಂದ ತಗೊಳ್ಳಿ, ಬರೀ ಒಂದು ಫಾಂಟಿಗೆ ಇನ್‌ಸ್ಟಾಲರ್ ಬೇಕಾಗೇ ಇಲ್ಲ. ಬರೀ ಫಾಂಟ್ ಫೈಲಿಂದ ಏನ್ ಆಗುತ್ತೆ ಬಿಡಿ ಅಂತಾನೂ ಅನ್ಕೋಬೇಡಿ, 2011ರಲ್ಲಿ ಸುದ್ದಿ ಮಾಡಿದ ಡುಕು ಅನ್ನೋ ಮಾಲ್‌ವೇರ್ ವಿಂಡೋಸ್ ಟ್ರೂಟೈಪ್ ಫಾಂಟ್ ಓದೋ ಜಾಗದಲ್ಲಿದ್ದ ದೋಷ ಹಿಡ್ಕೊಂಡೇ ಒಳಗೆ ನುಗ್ಗಿದ್ದು. ಆ ತೂತು ಮುಚ್ಚಿ ಎಷ್ಟೋ ಕಾಲ ಆಯ್ತು, ಆದ್ರೂ ಗೊತ್ತಿರೋ ಕಡೆಯಿಂದ ತಗೊಳ್ಳೋದು ಒಳ್ಳೇದು.

ಗೊತ್ತಿರೋ ಕಡೆ ಅಂದ್ರೆ ಗೂಗಲ್ ಫಾಂಟ್ಸ್ ಇದೆ, ಅಲ್ಲಿ ಭಾಷೆ ಅನ್ನೋ ಕಡೆ ಕನ್ನಡ ಆರಿಸಿದ್ರೆ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ 2, ತಿರೋ ಕನ್ನಡ, ಹುಬ್ಬಳ್ಳಿ, ಬೆಣ್ಣೆ, ಅಕಾಯ ಕನ್ನಡಕ ಇಷ್ಟೂ ಸಿಗುತ್ತೆ. ಇವೆಲ್ಲಾ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಇರೋದ್ರಿಂದ ದುಡ್ಡಿನ ಕೆಲಸಕ್ಕೂ ಧೈರ್ಯವಾಗಿ ಬಳಸಬಹುದು. ಬೇರೆ ಕಡೆ ಫ್ರೀ ಅಂತ ಕೊಟ್ಟಿರೋದರಲ್ಲಿ ಎಷ್ಟೋ ಫಾಂಟ್ ಸ್ವಂತ ಬಳಕೆಗೆ ಮಾತ್ರ ಫ್ರೀ, ಜಿಪ್ ಒಳಗೆ ಒಂದು ಟೆಕ್ಸ್ಟ್ ಫೈಲ್ ಇರುತ್ತಲ್ಲ, ಯಾರೂ ತೆಗೆದು ನೋಡದೇ ಇರೋದು, ಅದರಲ್ಲೇ ಬರೆದಿರುತ್ತೆ.

ಗೂಗಲ್ ಫಾಂಟ್ಸ್‌ನ ಜಿಪ್‌ನಲ್ಲಿ ಎಷ್ಟೋ ಸಲ ಒಂದು ದೊಡ್ಡ ಟಿಟಿಎಫ್, ಜೊತೆಗೆ ಸ್ಟಾಟಿಕ್ ಅಂತ ಒಂದು ಫೋಲ್ಡರ್ ಇರುತ್ತೆ. ಹೊರಗಿರೋದು ವೇರಿಯಬಲ್ ಫಾಂಟ್, ಅಂದ್ರೆ ತೆಳು ದಪ್ಪ ಎಲ್ಲಾ ಒಂದೇ ಫೈಲಲ್ಲಿ, ಸ್ಲೈಡರ್ ಎಳೆದು ದಪ್ಪ ಮಾಡ್ಕೊಳ್ಳೋ ಥರ. ಫೋಟೋಶಾಪ್ ಸಿಸಿ 2018ರಿಂದ ಈಚೆಗೆ ಇದನ್ನ ಚೆನ್ನಾಗಿ ನಿಭಾಯಿಸುತ್ತೆ. ಫೋಟೋಶಾಪ್ ಥರದ್ದೇ ಫ್ರೀ ಸಾಫ್ಟ್‌ವೇರ್ ಜಿಂಪ್ ಅಥವಾ ಬೇರೆ ಹಳೇ ಸಾಫ್ಟ್‌ವೇರ್ ಇದ್ರೆ ಸ್ಟಾಟಿಕ್ ಫೋಲ್ಡರ್ ಒಳಗಿರೋ ರೆಗ್ಯುಲರ್, ಬೋಲ್ಡ್, ಇನ್ನೂ ಬೇಕಾದ್ರೆ ಒಂದೆರಡು ಹಾಕ್ಕೊಳ್ಳಿ ಸಾಕು.

ವಿಂಡೋಸ್‌ನಲ್ಲಿ

1. ಫೋಟೋಶಾಪ್, ಜಿಂಪ್ ಏನೇ ತೆಗೆದಿದ್ರೂ ಕೆಲಸ ಸೇವ್ ಮಾಡಿ ಕ್ಲೋಸ್ ಮಾಡಿ.
2. ಫಾಂಟ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಒಂದ್ಸಲ ನೋಡಿ. ಮೇಲ್ಗಡೆ ಫಾಂಟ್ ನೇಮ್ ಅಂತ ಒಂದು ಸಾಲು ಇರುತ್ತೆ, ಅದನ್ನ ನೆನಪಿಟ್ಕೊಳ್ಳಿ.
3. ಆ ಕಿಟಕಿ ಮುಚ್ಚಿ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಒತ್ತಿ. ವಿಂಡೋಸ್ 11ರಲ್ಲಿ ಕಾಣದಿದ್ರೆ ಶೋ ಮೋರ್ ಆಪ್ಷನ್ಸ್ ಒತ್ತಿದ್ಮೇಲೆ ಸಿಗುತ್ತೆ.
4. ಸಾಫ್ಟ್‌ವೇರ್ ಮತ್ತೆ ತೆಗೀರಿ.

ಎರಡನೇದು ಯಾಕೆ ಅಂದ್ರೆ, ಫೈಲಿಗಿರೋ ಹೆಸರು ಒಂದು, ಫಾಂಟಿನ ಒಳಗೆ ಬರೆದಿರೋ ಹೆಸರು ಇನ್ನೊಂದು. ಫೋಟೋಶಾಪ್ ಪಟ್ಟಿಯಲ್ಲಿ ಬರೋದು ಒಳಗಿನ ಹೆಸರು. ನೀವು ಫೈಲನ್ನ ರೀನೇಮ್ ಮಾಡಿ ನಿಮ್ಮ ಹೆಸರೇ ಇಟ್ರೂ ಪಟ್ಟಿಯಲ್ಲಿ ಹಳೇ ಹೆಸರೇ ಬರುತ್ತೆ. ಫಾಂಟ್ ಬಂದೇ ಇಲ್ಲ ಅಂತ ಹುಡುಕಾಡೋರಲ್ಲಿ ಅರ್ಧ ಜನ ತಪ್ಪು ಹೆಸರು ಹುಡುಕ್ತಿರ್ತಾರೆ.

ಮೂರನೇದು ಇನ್ನೂ ಮುಖ್ಯ. ಮೊದ್ಲು ವಿಂಡೋಸ್‌ನಲ್ಲಿ ಫಾಂಟ್ ಹಾಕಿದ್ರೆ ನೇರವಾಗಿ ಸಿ ಡ್ರೈವ್‌ನ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹೋಗ್ತಿತ್ತು. ವಿಂಡೋಸ್ 10ರ 1809 ಅಪ್‌ಡೇಟ್ ಬಂದ್ಮೇಲೆ ಬರೀ ಇನ್‌ಸ್ಟಾಲ್ ಅಂತ ಒತ್ತಿದ್ರೆ ಅದು ನಿಮ್ಮ ಯೂಸರ್ ಅಕೌಂಟಿಗೆ ಮಾತ್ರ ಅಂತ ಆಪ್‌ಡೇಟಾ ಒಳಗೆ ಎಲ್ಲೋ ಅಡಗಿರೋ ಬೇರೆ ಫೋಲ್ಡರ್‌ಗೆ ಹೋಗುತ್ತೆ. ಇದರಿಂದ ಅಡ್ಮಿನ್ ಪಾಸ್‌ವರ್ಡ್ ಇಲ್ಲದೇನೂ ಫಾಂಟ್ ಹಾಕಬಹುದು ಅನ್ನೋದು ಲಾಭ, ಆದ್ರೆ ಹಳೇ ಸಾಫ್ಟ್‌ವೇರ್‌ಗಳಿಗೆ ಆ ಹೊಸ ಜಾಗ ಗೊತ್ತೇ ಇಲ್ಲ, ಅವು ಹಳೇ ಮನೆ ಬಾಗಿಲನ್ನೇ ತಟ್ಟುತ್ವೆ. ವರ್ಡ್‌ನಲ್ಲಿ ಫಾಂಟ್ ಬರ್ತಿದೆ, ಜಿಂಪ್‌ನಲ್ಲಿ ಬರ್ತಿಲ್ಲ ಅಂದ್ರೆ ಮೊದ್ಲು ಅನುಮಾನ ಪಡಬೇಕಾಗಿರೋದು ಇದನ್ನೇ. ಆಲ್ ಯೂಸರ್ಸ್ ಕೊಟ್ರೆ ಮುಗೀತು. ಆಫೀಸಿನ ಕಂಪ್ಯೂಟರ್ ಆಗಿ ಅಡ್ಮಿನ್ ಹಕ್ಕು ಇಲ್ಲದಿದ್ರೆ ಜಿಂಪ್‌ಗೆ ಬೇರೆ ದಾರಿ ಇದೆ, ಕೆಳಗೆ ಹೇಳ್ತೀನಿ.

ಒಂದೊಂದಾಗಿ ಮಾಡಕ್ಕೆ ಬೇಜಾರಾದ್ರೆ ಎಲ್ಲಾ ಫೈಲ್ ಒಟ್ಟಿಗೆ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಮಾಡಬಹುದು. ಆದ್ರೆ ಸಾವಿರ ಫಾಂಟಿನ ಗಂಟು ಸಿಕ್ತು ಅಂತ ಎಲ್ಲಾ ಸುರಿಬೇಡಿ, ಜಿಂಪ್ ತೆಗೆಯುವಾಗ ಫಾಂಟ್ ಲೋಡ್ ಆಗ್ತಿದೆ ಅಂತ ತೋರಿಸ್ಕೊಂಡು ನಿಂತಲ್ಲೇ ನಿಂತಿರುತ್ತೆ, ಪಟ್ಟಿಯಲ್ಲಿ ಬೇಕಾಗಿರೋದು ಹುಡುಕೋಷ್ಟರಲ್ಲಿ ಏನು ಬರೀಬೇಕು ಅನ್ನೋದೇ ಮರೆತುಹೋಗುತ್ತೆ.

ಮ್ಯಾಕ್ ಮತ್ತೆ ಲಿನಕ್ಸ್

ಮ್ಯಾಕ್‌ನಲ್ಲಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಫಾಂಟ್ ಬುಕ್ ತೆರ್ಕೊಳ್ಳುತ್ತೆ, ಇನ್‌ಸ್ಟಾಲ್ ಒತ್ತಿ, ಅಷ್ಟೇ. ಅದು ಸಾಮಾನ್ಯವಾಗಿ ನಿಮ್ಮ ಹೋಮ್ ಫೋಲ್ಡರ್‌ನ ಲೈಬ್ರರಿ ಒಳಗಿರೋ ಫಾಂಟ್ಸ್‌ಗೆ ಹೋಗುತ್ತೆ, ಎಲ್ಲಾ ಯೂಸರ್‌ಗೂ ಬೇಕು ಅಂದ್ರೆ ಫಾಂಟ್ ಬುಕ್ ಸೆಟ್ಟಿಂಗ್‌ನಲ್ಲಿ ಜಾಗ ಬದಲಾಯಿಸ್ಕೋಬಹುದು. ಫಾಂಟಲ್ಲಿ ಏನಾದ್ರೂ ಎಡವಟ್ಟಿದ್ರೆ ಹಾಕುವಾಗಲೇ ಎಚ್ಚರಿಕೆ ಕೊಡುತ್ತೆ, ಅದನ್ನ ತಾತ್ಸಾರ ಮಾಡಿ ಮುಂದೆ ಹೋಗ್ಬೇಡಿ.

ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರ್ ತೆಗೆದು ಕಂಟ್ರೋಲ್ ಎಚ್ ಒತ್ತಿದ್ರೆ ಮರೆಯಲ್ಲಿರೋ ಫೋಲ್ಡರ್‌ಗಳು ಕಾಣುತ್ವೆ, ಚುಕ್ಕೆ ಲೋಕಲ್, ಅದರೊಳಗೆ ಷೇರ್, ಅದರೊಳಗೆ ಫಾಂಟ್ಸ್. ಫಾಂಟ್ಸ್ ಇಲ್ಲದಿದ್ರೆ ನೀವೇ ಮಾಡ್ಕೊಳ್ಳಿ, ಫೈಲ್‌ಗಳನ್ನ ಅಲ್ಲಿ ಹಾಕಿ ಟರ್ಮಿನಲ್‌ನಲ್ಲಿ ಎಫ್‌ಸಿ-ಕ್ಯಾಶ್ (fc-cache) ಕಮಾಂಡ್ ಒಂದ್ಸಲ ಓಡಿಸಿ. ಕನ್ನಡ ಬರೋ ಫಾಂಟ್ ಯಾವ್ಯಾವ್ದು ಇದೆ ಅಂತ ನೋಡ್ಬೇಕಂದ್ರೆ ಎಫ್‌ಸಿ-ಲಿಸ್ಟ್ ಕಮಾಂಡಿಗೆ ಭಾಷೆ ಕೋಡ್ ಕೆಎನ್ ಕೊಟ್ರೆ (fc-list :lang=kn) ಪಟ್ಟಿ ಬರುತ್ತೆ. ಲೋಹಿತ್, ಗುಬ್ಬಿ, ನವಿಲು ಇವು ಎಷ್ಟೋ ಡಿಸ್ಟ್ರೋಗಳ, ಅಂದ್ರೆ ಲಿನಕ್ಸಿನ ಬೇರೆ ಬೇರೆ ರೂಪಗಳ, ಸಾಫ್ಟ್‌ವೇರ್ ಪಟ್ಟಿಯಲ್ಲೇ ಸಿಗ್ತವೆ, ಡೌನ್‌ಲೋಡ್ ಮಾಡೋ ಗೋಜೂ ಇಲ್ಲ.

ಸಾಫ್ಟ್‌ವೇರ್‌ಗೆ ಗೊತ್ತು ಮಾಡ್ಸೋದು

ಫೋಟೋಶಾಪ್ ಹೊಸ ವರ್ಷನ್‌ಗಳು ತೆಗೆದಿರುವಾಗಲೇ ಹೊಸ ಫಾಂಟ್ ಗುರುತಿಸೋದುಂಟು, ಆದ್ರೂ ನಾನು ನಂಬಲ್ಲ, ಮುಚ್ಚಿ ತೆಗೀತೀನಿ. ಅಡೋಬಿಯವರದ್ದೇ ಒಂದು ಒಳದಾರಿಯೂ ಇದೆ, ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್, ಕಾಮನ್ ಫೈಲ್ಸ್, ಅಡೋಬಿ, ಫಾಂಟ್ಸ್ ಅನ್ನೋ ಫೋಲ್ಡರ್‌ಗೆ ಫೈಲ್ ಹಾಕಿದ್ರೆ ಅದು ಅಡೋಬಿ ಸಾಫ್ಟ್‌ವೇರ್‌ಗಳಲ್ಲಿ ಮಾತ್ರ ಕಾಣುತ್ತೆ, ವರ್ಡ್ ಎಕ್ಸೆಲ್ ಪಟ್ಟಿಯೆಲ್ಲಾ ತುಂಬ್ಕೊಳ್ಳಲ್ಲ. ಡಿಸೈನ್‌ಗೆ ಮಾತ್ರ ಬಳಸೋ ಚಿತ್ರವಿಚಿತ್ರ ಫಾಂಟ್‌ಗಳಿಗೆ ಇದು ಒಳ್ಳೇ ಜಾಗ.

ಜಿಂಪ್‌ನಲ್ಲಿ ಮುಚ್ಚೋದೂ ಬೇಡ. ಜಿಂಪ್‌ನದ್ದೇ ಮೇಲಿನ ಸಾಲಲ್ಲಿರೋ ವಿಂಡೋಸ್ ಮೆನುವಿನಲ್ಲಿ ಡಾಕಬಲ್ ಡೈಲಾಗ್ಸ್, ಅದರಲ್ಲಿ ಫಾಂಟ್ಸ್ ತೆಗೀರಿ, ಕೆಳಗೆ ಸುತ್ತೋ ಬಾಣದ ಗುರುತಿದೆಯಲ್ಲ ಅದನ್ನ ಒತ್ತಿದ್ರೆ ಮತ್ತೆ ಎಲ್ಲಾ ಓದ್ಕೊಳ್ಳುತ್ತೆ. ಮೇಲೆ ಹೇಳಿದ ಬೇರೆ ದಾರಿ ಏನಂದ್ರೆ ಎಡಿಟ್, ಪ್ರಿಫರೆನ್ಸಸ್, ಫೋಲ್ಡರ್ಸ್, ಫಾಂಟ್ಸ್ ಅಂತ ಹೋದ್ರೆ ಅಲ್ಲಿ ನಿಮಗೆ ಬೇಕಾದ ಫೋಲ್ಡರ್ ಸೇರಿಸ್ಕೋಬಹುದು. ನಾನು ಡಿ ಡ್ರೈವ್‌ನಲ್ಲಿ ಕನ್ನಡ ಫಾಂಟ್ಸ್ ಅಂತ ಒಂದು ಫೋಲ್ಡರ್ ಇಟ್ಟು ಅದನ್ನ ಇಲ್ಲಿ ಕೊಟ್ಟಿದೀನಿ, ಸಿಸ್ಟಂಗೆ ಇನ್‌ಸ್ಟಾಲ್ ಮಾಡದೇನೇ ಜಿಂಪ್‌ನಲ್ಲಿ ಬರುತ್ತೆ, ವಿಂಡೋಸ್ ಫಾರ್ಮ್ಯಾಟ್ ಆದ್ರೂ ಫೋಲ್ಡರ್ ಹಾಗೇ ಉಳಿದಿರುತ್ತೆ.

ಬ್ರೌಸರಲ್ಲಿ ನಡೆಯೋ ಫೋಟೋಪಿಯಾ ಬಳಸೋರಿಗೆ ಇನ್ನೂ ಸುಲಭ, ಫಾಂಟ್ ಪಟ್ಟಿಯಲ್ಲೇ ಲೋಡ್ ಫಾಂಟ್ ಇದೆ, ಇಲ್ಲಾ ಟಿಟಿಎಫ್ ಫೈಲನ್ನ ಎಳೆದು ಪುಟದ ಮೇಲೆ ಬಿಟ್ರೂ ಸಾಕು. ಮೊಬೈಲ್‌ನಲ್ಲಿ ಯಾವ ಆಪ್ ಅನ್ನೋದರ ಮೇಲೆ ಹೋಗುತ್ತೆ. ಪಿಕ್ಸೆಲ್‌ಲ್ಯಾಬ್‌ನಲ್ಲಿ ಫಾಂಟ್ ಒತ್ತಿ ಮೈ ಫಾಂಟ್ಸ್‌ಗೆ ಹೋಗಿ ಫೋಲ್ಡರ್ ತೋರಿಸ್ಬೇಕು, ಅದಕ್ಕೆ ಮುಂಚೆ ಫೈಲ್ ಮ್ಯಾನೇಜರ್‌ನಲ್ಲಿ ಜಿಪ್ ಬಿಚ್ಚಿರಬೇಕು. ಸ್ನ್ಯಾಪ್‌ಸೀಡ್‌ನಲ್ಲಿ ನಮ್ಮ ಫಾಂಟ್ ಹಾಕೋ ಅವಕಾಶಾನೇ ಇಲ್ಲ, ಕ್ಯಾನ್ವಾದಲ್ಲಿ ದುಡ್ಡು ಕಟ್ಟಿದೋರಿಗೆ ಇದೆ.

ಈಗ ಕನ್ನಡದ ರಗಳೆ

ಇಂಗ್ಲಿಷ್ ಫಾಂಟ್ ಹಾಕೋರಿಗೆ ಕಥೆ ಇಲ್ಲಿಗೆ ಮುಗೀತು. ನಮಗೆ ಈಗ ಶುರು.

ಕನ್ನಡ ಫಾಂಟ್‌ಗಳಲ್ಲಿ ಎರಡು ಜಾತಿ. ಒಂದು ಯುನಿಕೋಡ್, ಇನ್ನೊಂದು ನಾವು ಆನ್ಸಿ ಅಥವಾ ಆಸ್ಕಿ ಅಂತ ಕರೆಯೋ ಹಳೇ ಪದ್ಧತಿ. ನುಡಿ 01 ಇ, ಬಿಆರ್‌ಎಚ್ ಕನ್ನಡ, ಶ್ರೀಲಿಪಿ ಫಾಂಟ್‌ಗಳು ಎರಡನೇ ಜಾತಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅಂತಾನೇ 128 ಮನೆಗಳ ಒಂದು ಬೀದಿ ಇದೆ, ಕ ಅಂದ್ರೆ ಎಲ್ಲಾ ಫಾಂಟಲ್ಲೂ ಅದೇ ಮನೆ. ಹಳೇ ಪದ್ಧತಿಯಲ್ಲಿ ಕನ್ನಡಕ್ಕೆ ಮನೆ ಇಲ್ಲ, ಇಂಗ್ಲಿಷ್ ಅಕ್ಷರಗಳ ಮನೇಲಿ ಬಾಡಿಗೆಗಿದ್ದ ಹಾಗೆ. ಉದಾಹರಣೆಗೆ ನುಡಿ 01 ಇ ಫಾಂಟಲ್ಲಿ ಕನ್ನಡ ಅಂತ ಬರೆದು, ಅದೇ ಪದ ಸೆಲೆಕ್ಟ್ ಮಾಡಿ ಏರಿಯಲ್ ಫಾಂಟ್‌ಗೆ ಬದಲಾಯಿಸಿ ನೋಡಿ. ಮೊದ್ಲು ಇಂಗ್ಲಿಷಿನ ಪಿ, ಆಮೇಲೆ ತಲೆ ಮೇಲೆ ಓರೆ ಗೀಟಿರೋ ಎ, ಆಮೇಲೆ ಪೌಂಡ್ ದುಡ್ಡಿನ ಚಿಹ್ನೆ, ಮತ್ತೆ ಓರೆ ಗೀಟಿನ ಎ, ಜರ್ಮನ್ ಭಾಷೆಯ ಎಸ್, ಕ್ಯೂ, ಕೊನೆಗೆ ಇನ್ನೊಂದು ಓರೆ ಗೀಟಿನ ಎ. ಕಂಪ್ಯೂಟರ್ ಲೆಕ್ಕದಲ್ಲಿ ನೀವು ಬರೆದಿದ್ದು ಅದೇ. ಪಿ ಅನ್ನೋದು ಕ ದ ಮೈ, ಓರೆ ಗೀಟಿನ ಎ ಅನ್ನೋದು ತಲೆಕಟ್ಟು, ಜರ್ಮನ್ ಎಸ್ ಅನ್ನೋದು ನ ಒತ್ತು.

ಇದು ಅರ್ಥ ಆದ್ರೆ ಅರ್ಧ ಸಮಸ್ಯೆ ತಾನಾಗೇ ಬಗೆಹರಿಯುತ್ತೆ. ವಾಟ್ಸಾಪ್‌ನಿಂದಲೋ ವೆಬ್‌ಸೈಟಿಂದಲೋ ಕಾಪಿ ಮಾಡಿದ ಕನ್ನಡ ಯಾವಾಗ್ಲೂ ಅನ್ನೋ ಹಾಗೆ ಯುನಿಕೋಡ್. ಅದನ್ನ ಪೇಸ್ಟ್ ಮಾಡಿ ನುಡಿ 01 ಇ ಕೊಟ್ರೆ ಆ ಫಾಂಟಲ್ಲಿ ಕನ್ನಡದ ಬೀದಿನೇ ಇಲ್ಲ, ಚೌಕ ಬರದೇ ಇನ್ನೇನು ಬರುತ್ತೆ. ಅದೇ ಥರ ನುಡಿಯಲ್ಲಿ ಹಳೇ ಮೋಡ್‌ನಲ್ಲಿ ಟೈಪ್ ಮಾಡಿದ್ದಕ್ಕೆ ನೋಟೋ ಸಾನ್ಸ್ ಕನ್ನಡ ಕೊಟ್ರೆ ಪಿ, ಕ್ಯೂ, ಪೌಂಡು ಅಂತ ಕಾಣುತ್ತೆ. ಫಾಂಟ್ ಕೆಟ್ಟಿಲ್ಲ, ಜೋಡಿ ತಪ್ಪಿದೆ. ಟೈಪ್ ಮಾಡಿದ್ದು ಯಾವ ಜಾತಿಯೋ ಫಾಂಟೂ ಅದೇ ಜಾತಿ ಆಗಿರಬೇಕು, ಇಲ್ಲಾಂದ್ರೆ ಕನ್ವರ್ಟ್ ಮಾಡ್ಬೇಕು, ಬರಹ ಪ್ಯಾಕೇಜ್ ಜೊತೆ ಅದಕ್ಕೊಂದು ಕನ್ವರ್ಟರ್ ಬರುತ್ತೆ.

ಹಳೇ ಜಾತಿ ಫಾಂಟ್ ಬಳಸೋರಿಗೆ ಒಂದು ಎಚ್ಚರಿಕೆ. ಫೋಟೋಶಾಪ್ ಕ್ಯಾರೆಕ್ಟರ್ ಪ್ಯಾನೆಲ್‌ನಲ್ಲಿ ಆಲ್ ಕ್ಯಾಪ್ಸ್ ಬಟನ್ ಇದೆಯಲ್ಲ, ಎರಡು ದೊಡ್ಡ ಟಿ ಇರೋದು, ಅದು ಹಿಂದಿನ ಯಾವ್ದೋ ಇಂಗ್ಲಿಷ್ ಕೆಲಸದಿಂದ ಆನ್ ಆಗೇ ಉಳಿದಿದ್ರೆ ಕನ್ನಡ ಪೂರ್ತಿ ಬೇರೆ ಪದ ಆಗ್ಬಿಡುತ್ತೆ. ಸಣ್ಣ ಕ್ಯೂ ಅಂದ್ರೆ ಡ, ದೊಡ್ಡ ಕ್ಯೂ ಅಂದ್ರೆ ಕಿ. ಡ ಇರೋ ಕಡೆಯೆಲ್ಲಾ ಕಿ ಬಂದು ಕೂತ್ಕೊಳ್ಳುತ್ತೆ. ನಾನು ಒಂದು ರಾತ್ರಿ ಪೂರ್ತಿ ಕೀಬೋರ್ಡ್ ಲೇಔಟ್ ತಪ್ಪಿದೆ ಅನ್ಕೊಂಡು ಅದನ್ನೇ ಕೆದಕ್ತಾ ಕೂತಿದ್ದೆ, ಬೆಳಗ್ಗೆ ಆ ಬಟನ್ ಕಣ್ಣಿಗೆ ಬಿತ್ತು.

ಇನ್ನು ಒತ್ತಕ್ಷರ ಒಡೆಯೋದು. ಇದು ಯುನಿಕೋಡ್ ಫಾಂಟ್‌ಗಳ ಕಾಯಿಲೆ, ಆದ್ರೆ ತಪ್ಪು ಫಾಂಟಿಂದಲ್ಲ, ಸಾಫ್ಟ್‌ವೇರ್‌ದು. ರಾಷ್ಟ್ರ ಅಂತ ಬರೆದ್ರೆ ಕಂಪ್ಯೂಟರ್ ಒಳಗೆ ಇರೋದು ರಾ, ಷ, ಹಲಂತ, ಟ, ಹಲಂತ, ರ ಅಂತ ಸಾಲಾಗಿ. ಅದನ್ನ ಓದಿ, ಫಾಂಟಿನೊಳಗಿರೋ ನಿಯಮ ನೋಡಿ, ಷ ಕೆಳಗೆ ಟ ಒತ್ತು ಇಟ್ಟು ಪಕ್ಕಕ್ಕೆ ರ ಒತ್ತು ಸುತ್ತಿಸೋದು ಸಾಫ್ಟ್‌ವೇರಿನ ಟೆಕ್ಸ್ಟ್ ಎಂಜಿನ್ ಕೆಲಸ. ಆ ಎಂಜಿನ್‌ಗೆ ಕನ್ನಡ ಬರದಿದ್ರೆ ರಾಷ್‌ಟ್‌ರ ಅಂತ ನಿಲ್ಲಿಸುತ್ತೆ. ಜಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಹಾರ್ಫ್‌ಬಜ್ ಅನ್ನೋ ಎಂಜಿನ್ ಇರೋದ್ರಿಂದ ಈ ತೊಂದರೆ ಇಲ್ಲ, ಇದು ಹೆಚ್ಚಾಗಿ ಫೋಟೋಶಾಪ್ ಗೋಳು.

ಫೋಟೋಶಾಪ್ 7, ಸಿಎಸ್3 ಅಂಥ ಹಳೇ ವರ್ಷನ್‌ಗಳಿಗೆ ಕನ್ನಡ ಜೋಡಿಸೋದೇ ಗೊತ್ತಿಲ್ಲ, ಅಲ್ಲಿ ನುಡಿ ಶ್ರೀಲಿಪಿ ಹಳೇ ಫಾಂಟ್ ಬಿಟ್ಟು ಬೇರೆ ಗತಿ ಇಲ್ಲ, ಡಿಟಿಪಿಯವರು ಈಗಲೂ ಅವನ್ನ ಬಿಡದೇ ಇರೋದಕ್ಕೆ ಅದೂ ಒಂದು ಕಾರಣ. ಸಿಸಿ ವರ್ಷನ್ ಆದ್ರೆ ಎಡಿಟ್, ಪ್ರಿಫರೆನ್ಸಸ್, ಟೈಪ್ ಅಂತ ಹೋಗಿ, ಮ್ಯಾಕ್‌ನಲ್ಲಿ ಎಡಿಟ್ ಬದ್ಲು ಫೋಟೋಶಾಪ್ ಮೆನು. ಅಲ್ಲಿ ಟೆಕ್ಸ್ಟ್ ಎಂಜಿನ್ ಆಯ್ಕೆ ಇದ್ರೆ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಥವಾ ವರ್ಲ್ಡ್ ರೆಡಿ ಲೇಔಟ್ ಅನ್ನೋದನ್ನ ಆರಿಸಿ, ವರ್ಷನ್ ಮೇಲೆ ಹೆಸರು ಬದಲಾಗುತ್ತೆ. ಈಚಿನ ವರ್ಷನ್‌ಗಳಲ್ಲಿ ಎರಡೂ ಎಂಜಿನ್ ಒಂದೇ ಮಾಡಿರೋದ್ರಿಂದ ಈ ಆಯ್ಕೆ ಕಾಣದೇ ಇದ್ರೆ ಗಾಬರಿ ಬೇಡ.

ಇಲ್ಲೊಂದು ಕೊಕ್ಕೆ ಇದೆ. ಈ ಸೆಟ್ಟಿಂಗ್ ಹತ್ತೋದು ಆಮೇಲೆ ಮಾಡೋ ಹೊಸ ಡಾಕ್ಯುಮೆಂಟಿಗೆ, ಆಗಲೇ ತೆಗೆದಿರೋದಕ್ಕಲ್ಲ. ಸೆಟ್ಟಿಂಗ್ ಬದಲಾಯಿಸಿದೆ, ಏನೂ ಆಗ್ಲಿಲ್ಲ ಅಂತ ಎಷ್ಟೋ ಜನ ವಾಪಸ್ ಹಳೇದಕ್ಕೇ ಹಾಕ್ಬಿಡ್ತಾರೆ. ಹೊಸ ಫೈಲ್ ಮಾಡಿ ನೋಡಿ. ಹಳೇ ಫೈಲಲ್ಲೇ ಸರಿ ಮಾಡ್ಬೇಕಂದ್ರೆ ಆ ಟೆಕ್ಸ್ಟ್ ಲೇಯರ್ ಸೆಲೆಕ್ಟ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್ ತೆಗೆದು, ಅದರ ಬಲ ಮೂಲೆಯ ಸಣ್ಣ ಮೆನುವಿನಲ್ಲಿ ವರ್ಲ್ಡ್ ರೆಡಿ ಅಂತ ಶುರುವಾಗೋ ಆಯ್ಕೆ ಒತ್ತಿ. ಒತ್ತಿದ ಕೂಡ್ಲೇ ಬಿಡಿ ಬಿಡಿ ನಿಂತಿದ್ದ ಅಕ್ಷರಗಳೆಲ್ಲಾ ಸರಕ್ಕಂತ ಒಂದಕ್ಕೊಂದು ಅಂಟ್ಕೊಳ್ಳೋದು ನೋಡಕ್ಕೇ ಖುಷಿ.

ಹೊಸ ಫಾಂಟ್ ಹಾಕಿದಾಗೆಲ್ಲಾ ನಾನು ಟೈಪ್ ಮಾಡಿ ನೋಡೋ ಸಾಲು ಇದು: ಸೂರ್ಯ, ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಜ್ಞಾನ, ಕೊಟ್ಟೆ. ಸೂರ್ಯದಲ್ಲಿ ಯ ಆದ್ಮೇಲೆ ಅರ್ಕಾವತ್ತು ಬಂದಿರಬೇಕು, ಸ್ತ್ರೀಯಲ್ಲಿ ಎರಡು ಒತ್ತು ಒಂದರ ಮೇಲೊಂದು ಹತ್ತಿರಬಾರದು, ಕೊಟ್ಟೆಯಲ್ಲಿ ಕೊಂಬು ಕ ಗೆ ಅಂಟಿರಬೇಕು. ಈ ಆರು ಪದ ಸರಿಯಾಗಿ ಬಂದ್ರೆ ಆ ಫಾಂಟನ್ನ ನಂಬಬಹುದು. ಚಂದದ ಫಾಂಟ್ ಅಂತ ಡೌನ್‌ಲೋಡ್ ಮಾಡಿದ್ದು ಲಕ್ಷ್ಮಿಯಲ್ಲೇ ಮುಗ್ಗರಿಸಿದ್ದು ನನಗೆ ಎಷ್ಟೋ ಸಲ ಆಗಿದೆ.

ಜಿಂಪ್‌ನಲ್ಲಿ ಇದಕ್ಕೆ ಉಲ್ಟಾ ಮೋಸ ಒಂದಿದೆ. ನೀವು ಆರಿಸಿದ ಫಾಂಟಲ್ಲಿ ಕನ್ನಡ ಇಲ್ಲದಿದ್ರೆ ಅದು ಚೌಕ ತೋರಿಸದೇ ಸದ್ದಿಲ್ಲದೆ ಬೇರೆ ಯಾವ್ದೋ ಕನ್ನಡ ಫಾಂಟಿಂದ ಅಕ್ಷರ ತಂದು ಹಾಕುತ್ತೆ, ಅದು ನಿರ್ಮಲಾ ಯುಐ ಇರಬಹುದು ತುಂಗಾ ಇರಬಹುದು. ಹಾಗಾಗಿ ಯಾವ ಫಾಂಟ್ ಬದಲಾಯಿಸಿದ್ರೂ ಕನ್ನಡ ಒಂದೇ ಥರ ಕಾಣ್ತಿದೆ ಅಂದ್ರೆ ನಿಮ್ಮ ಫಾಂಟಿಗೆ ಕನ್ನಡ ಗೊತ್ತಿಲ್ಲ ಅಂತ ಅರ್ಥ, ಜಿಂಪ್ ಕೆಟ್ಟಿದೆ ಅಂತಲ್ಲ.

ಬೋಲ್ಡ್ ಮತ್ತೆ ಸಾಲಿನ ಅಂತರ

ಬೋಲ್ಡ್ ಬೇಕು ಅಂದ್ರೆ ಬೋಲ್ಡ್ ಫೈಲನ್ನೇ ಇನ್‌ಸ್ಟಾಲ್ ಮಾಡಿ ಪಟ್ಟಿಯಿಂದ ಅದನ್ನೇ ಆರಿಸಿ. ಕ್ಯಾರೆಕ್ಟರ್ ಪ್ಯಾನೆಲ್‌ನ ಫೋ ಬೋಲ್ಡ್ (Faux Bold, ಅಂದ್ರೆ ಸುಳ್ಳು ಬೋಲ್ಡ್) ಬಟನ್ ಒತ್ತಿದ್ರೆ ಅದು ಬರೀ ಅಕ್ಷರದ ಅಂಚನ್ನ ಸುತ್ತ ಊದಿಸುತ್ತೆ ಅಷ್ಟೇ, ಇಂಗ್ಲಿಷಲ್ಲಿ ಹೇಗೋ ನಡೆಯುತ್ತೆ, ಕನ್ನಡದಲ್ಲಿ ಣ, ಖ, ಘ ಇವುಗಳ ಒಳಗಿನ ಜಾಗ ಮುಚ್ಚಿಹೋಗಿ ಮಸಿ ಚೆಲ್ಲಿದ ಹಾಗೆ ಕಾಣುತ್ತೆ.

ಫೋಟೋಶಾಪ್‌ನಲ್ಲಿ ಸಾಲಿನ ಅಂತರ ಆಟೋ ಅಂತ ಇದ್ರೆ ಅಕ್ಷರದ ಅಳತೆಯ 120 ಪರ್ಸೆಂಟ್ ತಗೊಳ್ಳುತ್ತೆ. ಅದು ಇಂಗ್ಲಿಷಿಗೆ ಸರಿ. ನಮ್ಮ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತೆ. ಆಟೋ ಬಿಟ್ಟು ಕೈಯಲ್ಲೇ ಜಾಸ್ತಿ ಮಾಡಿ, 40 ಪಾಯಿಂಟ್ ಅಕ್ಷರಕ್ಕೆ ನಾನು 56, 60 ಹೀಗೆ ಇಟ್ಟು ಕಣ್ಣಳತೆಯಲ್ಲಿ ನೋಡ್ತೀನಿ.

ಫೈಲ್ ಬೇರೆಯವರಿಗೆ ಕೊಡುವಾಗ

ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ಒಳಗೆ ಫಾಂಟ್ ಇರಲ್ಲ, ಫಾಂಟಿನ ಹೆಸರು ಮಾತ್ರ ಇರುತ್ತೆ. ಜಿಂಪ್‌ನ ಎಕ್ಸ್‌ಸಿಎಫ್ ಕೂಡ ಹಾಗೇ. ನಾನೊಮ್ಮೆ ಸ್ನೇಹಿತನಿಗೆ ಒಂದು ಪೋಸ್ಟರ್ ಮಾಡಿ ಪಿಎಸ್‌ಡಿ ಕಳಿಸಿದ್ದೆ, ಒಂದು ದಿನಾಂಕ ಬದಲಾಯಿಸ್ಕೊಳ್ಳೋ ಅಂತ. ಅವನು ತೆಗೆದ ಕೂಡ್ಲೇ ಫಾಂಟ್ ಇಲ್ಲ ಅಂತ ಫೋಟೋಶಾಪ್ ಹೇಳಿದೆ, ಇವನು ಓದದೇ ಓಕೆ ಒತ್ತಿದಾನೆ, ಶೀರ್ಷಿಕೆ ಯಾವ್ದೋ ಫಾಂಟಿಗೆ ಬದಲಾಗಿದೆ, ಅವನ ಹಳೇ ವರ್ಷನ್‌ನಲ್ಲಿ ಒತ್ತಕ್ಷರ ಎಲ್ಲಾ ಉದುರಿದೆ, ದಿನಾಂಕ ಮಾತ್ರ ನೋಡ್ಕೊಂಡು ಹಾಗೇ ಎಕ್ಸ್‌ಪೋರ್ಟ್ ಮಾಡಿ ಎಲ್ಲಾ ಗ್ರೂಪಿಗೂ ಹಾಕಿದಾನೆ. ಕೆಳಗೆ ವಿನ್ಯಾಸ ಅಂತ ನನ್ನ ಹೆಸರು ಬೇರೆ, ಅದೂ ಒಡೆದ ಒತ್ತಲ್ಲಿ.

ಅಂದಿನಿಂದ ಪಿಎಸ್‌ಡಿ ಕೊಡೋದಾದ್ರೆ ಲೈಸೆನ್ಸ್ ಒಪ್ಪೋ ಫಾಂಟ್ ಆಗಿದ್ರೆ ಟಿಟಿಎಫ್ ಫೈಲ್ ಜೊತೇಲೇ ಇಟ್ಟು ಕೊಡ್ತೀನಿ. ಬದಲಾಯಿಸೋ ಅಗತ್ಯ ಇಲ್ಲದ ಅಕ್ಷರಗಳಿಗೆ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಕನ್ವರ್ಟ್ ಟು ಶೇಪ್ ಕೊಡ್ತೀನಿ, ಆಗ ಅದು ಅಕ್ಷರ ಅಲ್ಲ, ಆಕಾರ, ಯಾವ ಕಂಪ್ಯೂಟರಲ್ಲೂ ಹಾಗೇ ಇರುತ್ತೆ, ದೊಡ್ಡದು ಮಾಡಿದ್ರೂ ಒಡೆಯಲ್ಲ. ಒಂದ್ಸಲ ಮಾಡಿದ್ರೆ ಕಾಗುಣಿತ ತಿದ್ದಕ್ಕೆ ಬರಲ್ಲ, ಅದಕ್ಕೆ ಮೂಲ ಲೇಯರ್‌ದು ಒಂದು ಕಾಪಿ ಮಾಡಿ ಕಣ್ಣಿನ ಗುರುತು ಆಫ್ ಮಾಡಿ ಇಟ್ಕೊಂಡಿರ್ತೀನಿ. ಪಿಎನ್‌ಜಿ, ಜೆಪಿಜಿ ಕೊಡೋದಾದ್ರೆ ಈ ಯಾವ ಚಿಂತೆನೂ ಇಲ್ಲ.

ನಿಮಗೇ ಯಾರಾದ್ರೂ ಪಿಎಸ್‌ಡಿ ಕಳ್ಸಿ ಲೇಯರ್ ಮೇಲೆ ಹಳದಿ ತ್ರಿಕೋನ ಕಂಡ್ರೆ ಅಕ್ಷರದ ಮೇಲೆ ಡಬಲ್ ಕ್ಲಿಕ್ ಮಾಡಕ್ಕೆ ಹೋಗ್ಬೇಡಿ, ಹಾಗೆ ಮಾಡಿದ್ರೇನೇ ಫಾಂಟ್ ಬದಲಾಯಿಸ್ಲಾ ಅಂತ ಕೇಳೋದು. ಮುಟ್ಟದೇ ಇದ್ರೆ ಕಳ್ಸಿದೋರಿಗೆ ಕಂಡ ಹಾಗೇ ಕಾಣ್ತಿರುತ್ತೆ. ಟೈಪ್ ಮೆನುವಿನಲ್ಲಿ ಕಾಣೆಯಾದ ಫಾಂಟಿನ ಹೆಸರು ಸಿಗುತ್ತೆ, ಅದನ್ನ ಹುಡುಕಿ ಇನ್‌ಸ್ಟಾಲ್ ಮಾಡಿ ಮತ್ತೆ ಫೈಲ್ ತೆಗೀರಿ.

ಕೊನೇದಾಗಿ ತೆಗೆಯೋದು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಫಾಂಟ್ಸ್ ಒಳಗೆ ಹೋಗಿ ಫಾಂಟ್ ಆರಿಸಿದ್ರೆ ಅನ್‌ಇನ್‌ಸ್ಟಾಲ್ ಸಿಗುತ್ತೆ, ಮ್ಯಾಕ್‌ನಲ್ಲಿ ಫಾಂಟ್ ಬುಕ್‌ನಲ್ಲೇ ರಿಮೂವ್ ಇದೆ, ಬೇಡ ಅನ್ಸಿದ್ರೆ ತೆಗೆಯೋ ಬದ್ಲು ತಾತ್ಕಾಲಿಕವಾಗಿ ಡಿಸೇಬಲ್ ಕೂಡ ಮಾಡಬಹುದು. ತುಂಗಾ, ನಿರ್ಮಲಾ ಯುಐ ಥರ ಸಿಸ್ಟಂ ಜೊತೆ ಬಂದಿರೋದಕ್ಕೆ ಕೈ ಹಾಕ್ಬೇಡಿ. ತೆಗೆಯೋಕೆ ಮುಂಚೆ ಫೋಟೋಶಾಪ್ ಕ್ಲೋಸ್ ಮಾಡಿರಿ, ಇಲ್ಲಾಂದ್ರೆ ಫಾಂಟ್ ಬಳಕೆಯಲ್ಲಿದೆ ಅಂತ ಹೇಳಿ ಡಿಲೀಟ್ ಮಾಡಕ್ಕೆ ಬಿಡಲ್ಲ.